ಜವಾಬು ಕೊಡೋರು ಯಾರು?

2025ರ ದೀಪಾವಳಿ ಮುಗಿದು ಒಂದು ವಾರವಾಗಿತ್ತು. ನಮ್ಮ ಅಪಾರ್ಟ್‌ಮೆಂಟಿನ ಎದುರು ಒಂದು ಟೀ ಅಂಗಡಿ ಇದೆ. ಡೆಲಿವರಿ ಹುಡುಗರೆಲ್ಲ ಆರ್ಡರ್ ಬರುವ ತನಕ ಅಲ್ಲೇ ಬೈಕ್ ನಿಲ್ಲಿಸಿಕೊಂಡು ಕೂತಿರುತ್ತಾರೆ. ಅವರಲ್ಲೊಬ್ಬ ಕೊಳ್ಳೇಗಾಲದ ಕಡೆಯವನು. ಎಷ್ಟೋ ರಾತ್ರಿ ನಮ್ಮ ಮನೆಗೆ ಊಟ ತಂದುಕೊಟ್ಟವನು. ಅವತ್ತು ಅವನ ಮೈಮೇಲೆ ಕಂಪನಿಯ ಟೀ ಶರ್ಟ್ ಇರಲಿಲ್ಲ, ತಲೆ ನುಣ್ಣಗಿತ್ತು.

"ಏನಪ್ಪಾ, ಇವತ್ತು ರಜಾನಾ?" ಅಂದೆ.

"ರಜಾ ಅಲ್ಲ ಕಣಣ್ಣ, ಐಡಿ ಬ್ಲಾಕ್ ಆಗದೆ."

ದೀಪಾವಳಿ ಜಾತ್ರೆಗೆ ಅಂತ ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದಿದ್ದಾನೆ. ಬಂದ ಮಾರನೇ ದಿನ ಲಾಗಿನ್ ಆಗೋಕೆ ಹೋದರೆ ಆ್ಯಪ್ ಸೆಲ್ಫಿ ಕೇಳಿದೆ. ಕೊಟ್ಟಿದ್ದಾನೆ. ಇದು ನೀನಲ್ಲ ಅಂದಿದೆ. ಬಿಸಿಲಿಗೆ ಬಂದು ಇನ್ನೊಂದು ಸಲ, ಟೋಪಿ ಹಾಕಿಕೊಂಡು ಮತ್ತೊಂದು ಸಲ. ಮೂರನೇ ಸಲಕ್ಕೆ ಖಾತೆ ಬಂದ್. ಬೇರೆಯವರ ಐಡಿಯಲ್ಲಿ ಕೆಲಸ ಮಾಡುವ ಮೋಸಗಾರ ಎಂಬ ಅನುಮಾನವಂತೆ. "ನಂಗೆ ನನ್ ಮೊಕ ಗೊತ್ತು, ನಮ್ಮವ್ವಂಗೆ ಗೊತ್ತು, ಅದ್ಕೆ ಗೊತ್ತಾಯ್ತಿಲ್ಲ" ಅಂದ.

ಹೆಲ್ಪ್ ಬಟನ್ ಒತ್ತಿದರೆ ಅಲ್ಲೂ ಮಾತಾಡುವುದು ಬಾಟೇ. ಇವನು ಕನ್ನಡದಲ್ಲಿ ಟೈಪ್ ಮಾಡಿದ್ದಕ್ಕೆ ಅದು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ ಟಿಕೆಟ್ ಕ್ಲೋಸ್ ಮಾಡಿದೆ. ಇವನಿಗೆ ಗೊತ್ತಿದ್ದ ಒಂದೇ ಆಫೀಸು, ಬೈಕ್ ದಾಖಲೆ ಕೊಡೋಕೆ ಹೋಗಿದ್ದು. ಅಲ್ಲಿಗೆ ಹೋದರೆ ಕೂತಿದ್ದ ಹುಡುಗ ಹೇಳಿದ್ದು ಇಷ್ಟು: "ಸಿಸ್ಟಮ್ ಮಾಡಿರೋದು ಗುರು, ನಮ್ಮ ಕೈಲಿ ಏನೂ ಇಲ್ಲ."

ಅವತ್ತು ನನಗೆ ಆಫೀಸಿಗೆ ತಡವಾಗುತ್ತಿತ್ತು. ಯಾಕೆ ಅಂತ ಹೇಳಿದರೆ ನೀವು ನಗುತ್ತೀರಿ. "ರೆಸ್ಪಾನ್ಸಿಬಲ್ ಎಐ" ಬಗ್ಗೆ ಕಡ್ಡಾಯ ತರಬೇತಿ ಇತ್ತು. ನಲವತ್ತು ನಿಮಿಷದ ವಿಡಿಯೋ, ಕೊನೆಗೆ ಹತ್ತು ಪ್ರಶ್ನೆ. ನೀವೂ ಮಾಡಿರುತ್ತೀರಿ. ನಾಲ್ಕು ಆಯ್ಕೆಗಳಲ್ಲಿ ಯಾವುದು ಎಲ್ಲಕ್ಕಿಂತ ಉದ್ದ ಇದೆಯೋ ಅದೇ ಸರಿಯುತ್ತರ. ಹತ್ತಕ್ಕೆ ಹತ್ತು ಬಂತು. ನ್ಯಾಯಪರತೆ, ಪಾರದರ್ಶಕತೆ, ಮಾನವ ಕೇಂದ್ರಿತ ವಿನ್ಯಾಸ. ಸರ್ಟಿಫಿಕೇಟಿನ ಮೇಲೆ ಒಂದು ಹಸಿರು ಎಲೆಯ ಚಿತ್ರ ಬೇರೆ. ಎಲೆ ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈ ಎರಡು ಘಟನೆಗಳ ನಡುವೆ ಅರ್ಧ ಗಂಟೆಯ ಅಂತರ ಇತ್ತು. ಅದಕ್ಕೇ ಈ ಸಿಟ್ಟು.

ನಮ್ಮ ಭಾಷೆಯಲ್ಲಿ ರೆಸ್ಪಾನ್ಸಿಬಿಲಿಟಿಗೆ ಎಲ್ಲರೂ ಬಳಸುವ ಪದ ಜವಾಬ್ದಾರಿ. ಜವಾಬು ಅಂದರೆ ಉತ್ತರ. ಜವಾಬ್ದಾರ ಅಂದರೆ ಉತ್ತರ ಕೊಡಬೇಕಾದವನು. ಒಳ್ಳೆಯ ಮನಸ್ಸಿನವನು, ಮೌಲ್ಯಗಳಿರುವವನು, ಎಥಿಕ್ಸ್ ಕಮಿಟಿ ಇಟ್ಟುಕೊಂಡವನು ಅನ್ನುವ ಅರ್ಥ ಆ ಪದದಲ್ಲಿ ಎಲ್ಲೂ ಇಲ್ಲ. ಕೇಳಿದಾಗ ಎದ್ದು ನಿಂತು ಜವಾಬು ಕೊಡಬೇಕು, ಅಷ್ಟೆ. ಜವಾಬ್ದಾರಿಯುತ ಎಐ ಅಂತ ಯಾರಾದರೂ ಬಾಯಿ ತೆರೆದರೆ ನಾನು ಇನ್ನು ಮುಂದೆ ಕೇಳುವ ಪ್ರಶ್ನೆ ಒಂದೇ. ಈ ಯಂತ್ರ ತಪ್ಪು ಮಾಡಿದಾಗ ಯಾರು, ಯಾರಿಗೆ, ಎಷ್ಟು ದಿನದೊಳಗೆ ಜವಾಬು ಕೊಡುತ್ತೀರಿ? ಇದಕ್ಕೆ ಉತ್ತರ ಇಲ್ಲದಿದ್ದರೆ ಮಿಕ್ಕಿದ್ದೆಲ್ಲ ಎಲೆಯ ಚಿತ್ರ.

ಜವಾಬಿನಿಂದ ತಪ್ಪಿಸಿಕೊಳ್ಳಲು ಕಂಪನಿಗಳು ಎಲ್ಲಿಯವರೆಗೆ ಹೋಗುತ್ತವೆ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಕೆನಡಾದ್ದು. ಅಜ್ಜಿ ತೀರಿಕೊಂಡಳು ಅಂತ ಊರಿಗೆ ಹೊರಟ ಒಬ್ಬ, ಏರ್ ಕೆನಡಾದ ವೆಬ್‌ಸೈಟಿನಲ್ಲಿದ್ದ ಚಾಟ್‌ಬಾಟನ್ನು ಸಾವಿನ ಸಂದರ್ಭದ ರಿಯಾಯಿತಿ ಬಗ್ಗೆ ವಿಚಾರಿಸಿದ. ಈಗ ಟಿಕೆಟ್ ತಗೊಳ್ಳಿ, ಆಮೇಲೆ ಅರ್ಜಿ ಹಾಕಿದರೂ ಆಗುತ್ತೆ ಅಂದಿತು ಬಾಟ್. ಆಮೇಲೆ ಹಾಕಿದರೆ ಹಾಗೆಲ್ಲ ಆಗೋದಿಲ್ಲ ಅಂದಿತು ಕಂಪನಿ. ಪ್ರಕರಣ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಗೆ ಹೋದಾಗ ಕಂಪನಿ ಮುಂದಿಟ್ಟ ವಾದ ನೋಡಿ: ಚಾಟ್‌ಬಾಟ್ ತನ್ನದೇ ಆದ ಪ್ರತ್ಯೇಕ ಕಾನೂನು ವ್ಯಕ್ತಿ, ಅದರ ಮಾತಿಗೆ ಅದೇ ಹೊಣೆ! 2024ರ ಫೆಬ್ರವರಿಯಲ್ಲಿ ನ್ಯಾಯಮಂಡಳಿ ಇದನ್ನು ತಳ್ಳಿಹಾಕಿ ಸುಮಾರು 800 ಕೆನಡಿಯನ್ ಡಾಲರ್ ಕೊಡಲು ಹೇಳಿತು. ಮೊತ್ತ ಸಣ್ಣದು. ಆದರೆ ಅಷ್ಟು ಸಣ್ಣ ಮೊತ್ತಕ್ಕೂ ಆ ವಾದ ಹೂಡುವ ಧೈರ್ಯ ಇತ್ತಲ್ಲ!

ಅಲ್ಲಿ ಹೋಗಿದ್ದು ಟಿಕೆಟ್ ದುಡ್ಡು. ಪಕ್ಕದ ತೆಲಂಗಾಣದಲ್ಲಿ ಹೋಗಿದ್ದು ಅಕ್ಕಿ.

ಅಲ್ಲಿ "ಸಮಗ್ರ ವೇದಿಕ" ಅಂತ ಒಂದು ವ್ಯವಸ್ಥೆ ಇದೆ. ಹತ್ತಾರು ಇಲಾಖೆಗಳ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿ, ಈ ಮನುಷ್ಯನ ಹೆಸರಲ್ಲಿ ಏನೇನಿದೆ, ಕಾರಿದೆಯಾ, ಜಮೀನಿದೆಯಾ, ಕರೆಂಟ್ ಬಿಲ್ ಎಷ್ಟು ಅಂತ ಒಂದೇ ಚಿತ್ರ ಬರೆಯುವುದು ಅದರ ಕೆಲಸ. 2014ರಿಂದ 2019ರ ನಡುವೆ ಆ ರಾಜ್ಯದಲ್ಲಿ 18 ಲಕ್ಷಕ್ಕೂ ಹೆಚ್ಚು ಆಹಾರ ಭದ್ರತಾ ಕಾರ್ಡುಗಳು ರದ್ದಾದವು. ಈ ವ್ಯವಸ್ಥೆ ಬಳಕೆಗೆ ಬಂದಿದ್ದೂ ಆ ಅವಧಿಯಲ್ಲೇ. ರದ್ದಾದವರಿಗೆ ನೋಟಿಸ್ ಇಲ್ಲ, ಕಾರಣ ಇಲ್ಲ. 2024ರ ಜನವರಿಯಲ್ಲಿ ರಿಪೋರ್ಟರ್ಸ್ ಕಲೆಕ್ಟಿವ್ ಮತ್ತು ಅಲ್ ಜಜೀರಾ ಇದರ ಒಳಹೊಕ್ಕು ಬರೆದಾಗ ಹೊರಬಂದ ಒಂದು ಕಥೆ ಹೀಗಿದೆ. ಹೈದರಾಬಾದಿನ ಒಬ್ಬ ಬಡ ವಿಧವೆ, ಗಂಡ ರಿಕ್ಷಾ ತುಳಿಯುತ್ತಿದ್ದವನು. ಆ ಮನೆಯವರ ಬಳಿ ಕಾರಿದೆ ಅಂತ ರೇಷನ್ ನಿಂತುಹೋಯಿತು. ಕಾರಿದ್ದದ್ದು ಹೆಚ್ಚುಕಡಿಮೆ ಅದೇ ಹೆಸರಿನ ಇನ್ನೊಬ್ಬರ ಹತ್ತಿರ.

ನಮ್ಮಲ್ಲಿ ಡೇಟಾ ಕೆಲಸ ಮಾಡುವವರಿಗೆ ಇದು ಕೇಳಿದ ಕೂಡಲೇ ಅರ್ಥವಾಗುತ್ತೆ. ಎರಡು ಪಟ್ಟಿಗಳಲ್ಲಿರುವ ಎರಡು ಹೆಸರು ಒಬ್ಬನದೇನಾ ಅಂತ ಕಂಡುಹಿಡಿಯುವುದು ಇಡೀ ಉದ್ಯಮದಲ್ಲೇ ಹಳೆಯ, ಹಠಮಾರಿ ಸಮಸ್ಯೆ. ನಮ್ಮ ಹೆಸರುಗಳಲ್ಲಂತೂ ಅದು ಇನ್ನೂ ಕಷ್ಟ. ನಮ್ಮಜ್ಜಿಯ ಹೆಸರು ಲಕ್ಷ್ಮಮ್ಮ. ಆಧಾರ್‌ನಲ್ಲಿ ಎರಡು 'ಎಂ', ಬ್ಯಾಂಕಿನಲ್ಲಿ ಒಂದು, ಪಹಣಿಯಲ್ಲಿ "ಲಕ್ಷ್ಮಮ್ಮ ಕೋಂ ಪುಟ್ಟಯ್ಯ", ವೋಟರ್ ಐಡಿಯಲ್ಲಿ ಲಚ್ಚಮ್ಮ. ಅವಳು ಬದುಕಿದ್ದ ಬೀದಿಯಲ್ಲೇ ಇನ್ನೂ ಮೂವರು ಲಕ್ಷ್ಮಮ್ಮಂದಿರಿದ್ದರು. ಅವರಲ್ಲೊಬ್ಬಳ ಗಂಡನೂ ಪುಟ್ಟಯ್ಯನೇ. ಅಂಚೆಯವನು ಮಾತ್ರ ಒಂದು ಸಲವೂ ತಪ್ಪಿ ಪಿಂಚಣಿ ಕೊಟ್ಟವನಲ್ಲ, ಯಾಕೆಂದರೆ ಅವನು ಬಂದು ಮುಖ ನೋಡುತ್ತಿದ್ದ, "ಅಜ್ಜೀ, ಕಾಲು ನೋವು ಹೆಂಗದೆ" ಅಂತ ಕೇಳುತ್ತಿದ್ದ.

ತೆಲಂಗಾಣದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2022ರ ಏಪ್ರಿಲ್‌ನಲ್ಲಿ ಕೋರ್ಟು, ರದ್ದಾದ ಕಾರ್ಡುಗಳನ್ನು ಮನೆಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಎಂದು ಹೇಳಿತು. ಪರಿಶೀಲಿಸಿದಾಗ ಸಾವಿರಾರು ಮಂದಿ ಅರ್ಹರೇ ಅಂತ ಗೊತ್ತಾಯಿತು. ಅಂದರೆ ಅಂಚೆಯವನು ಮಾಡುತ್ತಿದ್ದ ಕೆಲಸವನ್ನೇ ಕೊನೆಗೆ ಮಾಡಬೇಕಾಯಿತು, ವರ್ಷಗಳು ತಡವಾಗಿ. ಈ ನಡುವೆ ವ್ಯವಸ್ಥೆಯ ಸೋರ್ಸ್ ಕೋಡ್ ಕೊಡಿ ಅಂತ ಮಾಹಿತಿ ಹಕ್ಕಿನಡಿ ಕೇಳಿದ ಪತ್ರಕರ್ತರಿಗೆ ಸಿಕ್ಕ ಉತ್ತರ, ಅದು ತಯಾರಿಸಿದ ಕಂಪನಿಯ ಹಕ್ಕು ಅನ್ನುವುದು. ಸರ್ಕಾರವನ್ನು ಕೇಳಿದರೆ ಕಂಪನಿ ಕಡೆ ಬೆರಳು, ಕಂಪನಿಯನ್ನು ಕೇಳೋಣವೆಂದರೆ ಅದು ಮಾಹಿತಿ ಹಕ್ಕಿನ ವ್ಯಾಪ್ತಿಯಲ್ಲೇ ಇಲ್ಲ. ಅತ್ತೆಯ ಹತ್ತಿರ ಕೇಳು, ಸೊಸೆಯ ಹತ್ತಿರ ಕೇಳು ಅಂತ ಅಲೆಸಿದ ಹಾಗೆ.

ನಾವೇನೂ ಎದೆಯುಬ್ಬಿಸಿಕೊಳ್ಳಬೇಕಿಲ್ಲ. 2024ರ ನವೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲೇ ಬಿಪಿಎಲ್ ಕಾರ್ಡ್ ರದ್ದತಿಯ ಗದ್ದಲ ಎದ್ದಿದ್ದು ನೆನಪಿರಬಹುದು. ಕೂಗಾಟ ಜೋರಾದ ಮೇಲೆ, ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡುತ್ತೇವೆ ಅಂದಿತು ಸರ್ಕಾರ. ಅಲ್ಲಿ ಎಐ ಇತ್ತೋ ಬರೀ ಎಕ್ಸೆಲ್ ಇತ್ತೋ ಅನ್ನುವುದು ನನಗೆ ಮುಖ್ಯವಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ಚೀಲ ಹಿಡಿದು ನಿಂತವಳಿಗೂ ಮುಖ್ಯವಲ್ಲ.

ಯಾಕೆ ಮುಖ್ಯವಲ್ಲ ಅನ್ನುವುದಕ್ಕೆ ಆಸ್ಟ್ರೇಲಿಯಾದ "ರೋಬೋಡೆಟ್" ಹಗರಣ ನೋಡಬೇಕು. ಸರ್ಕಾರದಿಂದ ಭತ್ಯೆ ಪಡೆಯುತ್ತಿದ್ದವರ ವಾರ್ಷಿಕ ಆದಾಯವನ್ನು ತೆರಿಗೆ ಇಲಾಖೆಯಿಂದ ತಂದು, ಇಪ್ಪತ್ತಾರರಿಂದ ಭಾಗಿಸಿ, ಪ್ರತಿ ಹದಿನೈದು ದಿನಕ್ಕೆ ನೀನು ಇಷ್ಟು ದುಡಿದಿದ್ದೀಯ ಅಂತ ತೀರ್ಮಾನಿಸಿದರು. ಆರು ತಿಂಗಳು ಕೆಲಸವಿದ್ದು ಆರು ತಿಂಗಳು ಇಲ್ಲದವನಿಗೆ ಈ ಲೆಕ್ಕ ಹೇಗೆ ಹೊಂದುತ್ತೆ? ಹೊಂದಲಿಲ್ಲ. ಲಕ್ಷಾಂತರ ಜನಕ್ಕೆ ನೀವು ಸರ್ಕಾರಕ್ಕೆ ಸಾಲ ಬಾಕಿ ಇದ್ದೀರಿ ಅನ್ನುವ ಪತ್ರ ಹೋಯಿತು. ಗಮನಿಸಿ, ಇದರಲ್ಲಿ ಯಾವ ನ್ಯೂರಲ್ ನೆಟ್‌ವರ್ಕೂ ಇಲ್ಲ. ನಾಲ್ಕನೇ ಕ್ಲಾಸಿನ ಭಾಗಾಕಾರ. ಕೆಡುಕು ಇದ್ದದ್ದು ಮುಂದಿನ ಸಾಲಿನಲ್ಲಿ. ಲೆಕ್ಕ ತಪ್ಪು ಅನ್ನುವುದಾದರೆ ವರ್ಷಗಳ ಹಿಂದಿನ ಸಂಬಳದ ಚೀಟಿ ತಂದು ನೀನೇ ಸಾಬೀತು ಮಾಡು, ಇಲ್ಲವಾದರೆ ದುಡ್ಡು ಕಟ್ಟು. 2020ರಲ್ಲಿ ಸರ್ಕಾರ ವಸೂಲಿ ಮಾಡಿದ ಹಣ ವಾಪಸ್ ಕೊಡಲು ಒಪ್ಪಿಕೊಂಡಿತು. ಆಮೇಲೆ ಕೂತ ರಾಯಲ್ ಕಮಿಷನ್ 2023ರ ಜುಲೈನಲ್ಲಿ ವರದಿ ಕೊಟ್ಟಿತು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಆ ಕಮಿಷನ್ನಿನ ಮುಂದೆ ಬಂದು ಸಾಕ್ಷಿ ಹೇಳಿದ್ದರು.

ಯಂತ್ರ ಎಷ್ಟು ಬುದ್ಧಿವಂತ ಅನ್ನುವುದಕ್ಕಿಂತ, ಸಾಬೀತು ಮಾಡುವ ಭಾರ ಯಾರ ಹೆಗಲ ಮೇಲಿದೆ ಅನ್ನುವುದು ದೊಡ್ಡ ಪ್ರಶ್ನೆ. ನಮ್ಮ ಟೀ ಅಂಗಡಿಯ ಹುಡುಗನ ಹೆಗಲ ಮೇಲಿತ್ತು. ತಾನು ತಾನೇ ಅಂತ ಅವನು ಸಾಬೀತು ಮಾಡಬೇಕಿತ್ತು, ತನ್ನನ್ನು ಗುರುತಿಸಲಾರದ ಯಂತ್ರಕ್ಕೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಕೆಲವು ವರ್ಷಗಳ ಹಿಂದೆ ನಾನೇ ಇಂಥದ್ದೊಂದು ಪ್ರಾಜೆಕ್ಟಿನಲ್ಲಿದ್ದೆ. ಸಾಲ ಕೊಡುವ ಒಂದು ಸಂಸ್ಥೆಗೆ, ಅರ್ಜಿಯಲ್ಲಿರುವ ಫೋಟೋ ಮತ್ತು ಐಡಿ ಕಾರ್ಡಿನ ಫೋಟೋ ಒಬ್ಬರದೇನಾ ಅಂತ ಹೇಳುವ ಸಾಫ್ಟ್‌ವೇರ್. ಮಾಡೆಲ್ಲು ಹೌದು, ಅಲ್ಲ ಅನ್ನೋದಿಲ್ಲ. ಸೊನ್ನೆಯಿಂದ ಒಂದರ ನಡುವೆ ಒಂದು ಅಂಕಿ ಕೊಡುತ್ತೆ. ಎಷ್ಟಕ್ಕಿಂತ ಮೇಲಿದ್ದರೆ ಹೌದು ಅನ್ನಬೇಕು ಅಂತ ಯಾರಾದರೂ ಮನುಷ್ಯರು ಹೇಳಬೇಕು. ಕೆಳಗಿಟ್ಟರೆ ಮೋಸಗಾರರು ನುಸುಳುತ್ತಾರೆ, ಮೇಲಿಟ್ಟರೆ ಸಾಚಾ ಜನ ಹೊರಗುಳಿಯುತ್ತಾರೆ. ಒಂದು ಶುಕ್ರವಾರ ಸಂಜೆ ಆರೂವರೆಗೆ ನಾನು 0.87 ಅಂತ ಹಾಕಿದೆ. ಯಾಕೆ 0.87? ಸೋಮವಾರದ ಡೆಮೋಗೆ ಗ್ರಾಫ್ ಅಲ್ಲಿ ಚೆನ್ನಾಗಿ ಕಾಣುತ್ತಿತ್ತು. ಸ್ಲೈಡಿನಲ್ಲಿ ಶೇ 97 ನಿಖರತೆ ಅಂತ ಬರೆದೆವು. ರೂಮಿನಲ್ಲಿ ಹನ್ನೊಂದು ಜನ ಇದ್ದೆವು. ಮಿಕ್ಕ ಮೂರು ಜನ ಯಾರು, ಅವರು ಎಲ್ಲಿಗೆ ಫೋನ್ ಮಾಡಬೇಕು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಮ್ಮಲ್ಲಿ ಯಾರೂ ಕೆಟ್ಟವರಿರಲಿಲ್ಲ, ನಂಬಿ. ಒಬ್ಬರು ವಾರಾಂತ್ಯಕ್ಕೆ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಆ ಪ್ರಶ್ನೆಗೆ ಜಿರಾದಲ್ಲಿ ಒಂದು ಟಿಕೆಟ್ ಇರಲಿಲ್ಲ, ಬಜೆಟ್ಟಿನಲ್ಲಿ ಒಂದು ಸಾಲು ಇರಲಿಲ್ಲ, ಅಷ್ಟೆ. ಸಾಲು ಇಲ್ಲದ ಕೆಲಸವನ್ನು ಉದ್ಯಮದಲ್ಲಿ ಯಾರೂ ಮಾಡೋದಿಲ್ಲ.

ಹಾಗಾಗಿ ಉದ್ಯಮ ತಾನಾಗೇ ಸರಿಹೋಗುತ್ತೆ, ಸ್ವಯಂ ನಿಯಂತ್ರಣ ಸಾಕು ಅನ್ನುವವರ ಮಾತನ್ನು ನಾನು ನಂಬೋದಿಲ್ಲ. 2023ರ ಜುಲೈನಲ್ಲಿ ಅಮೆರಿಕದ ಏಳು ದೊಡ್ಡ ಕಂಪನಿಗಳು ವೈಟ್ ಹೌಸಿಗೆ ಹೋಗಿ ಸುರಕ್ಷಿತ ಎಐ ಮಾಡುತ್ತೇವೆ ಅಂತ ಸ್ವಯಂಪ್ರೇರಿತ ವಾಗ್ದಾನ ಕೊಟ್ಟು ಬಂದವು. ಒಳ್ಳೆಯದೇ. ಆದರೆ ವಾಗ್ದಾನ ಮುರಿದರೆ ಏನು ಅನ್ನುವುದಕ್ಕೆ ಅದರಲ್ಲಿ ದಂಡವಿಲ್ಲ. ಹೊಸ ವರ್ಷಕ್ಕೆ ನಾವು ಜಿಮ್ ಸೇರಿದ ಹಾಗೆ.

ಸರ್ಕಾರ ಏನು ಮಾಡುತ್ತಿದೆ? ದೆಹಲಿಯದು ಒಂದು ಸಲ ಅತಿ, ಒಂದು ಸಲ ಏನೂ ಇಲ್ಲ. 2024ರ ಮಾರ್ಚ್ 1ರಂದು ಐಟಿ ಸಚಿವಾಲಯ ಒಂದು ಸೂಚನೆ ಹೊರಡಿಸಿತು: ಪೂರ್ತಿ ಪರೀಕ್ಷೆಯಾಗದ ಎಐ ಮಾಡೆಲ್‌ಗಳನ್ನು ಜನರ ಮುಂದಿಡಬೇಕಾದರೆ ಸರ್ಕಾರದ ಅನುಮತಿ ಬೇಕು. ಗದ್ದಲವಾಯಿತು. ಮಾರ್ಚ್ 15ಕ್ಕೆ ಅನುಮತಿಯ ಮಾತು ಮಾಯ. ಹದಿನೈದು ದಿನದ ಲೈಸೆನ್ಸ್ ರಾಜ್. ಅದು ಹೋಗಿದ್ದು ಒಳ್ಳೆಯದಾಯಿತು ಅಂತ ನಾನೂ ಹೇಳುತ್ತೇನೆ. ಇಬ್ಬರು ಸೇರಿ ಒಂದು ರೂಮಿನಲ್ಲಿ ಮಾಡುವ ಸ್ಟಾರ್ಟಪ್‌ಗೆ ದೆಹಲಿಯ ಅನುಮತಿ ಕಾಯುತ್ತಾ ಕೂರುವುದಕ್ಕಿಂತ ಕೊಡಗಿನಲ್ಲಿ ಹೋಮ್‌ಸ್ಟೇ ಹಾಕುವುದೇ ಮೇಲು. 2025ರ ನವೆಂಬರ್‌ನಲ್ಲಿ, ನಮ್ಮ ಹುಡುಗ ಕೆಲಸವಿಲ್ಲದೆ ಕೂತಿದ್ದ ದಿನಗಳಲ್ಲೇ, ಸಚಿವಾಲಯದ ಎಐ ಆಡಳಿತ ಮಾರ್ಗಸೂಚಿ ಬಂತು. ಅದರಲ್ಲಿ ಏಳು ಸೂತ್ರಗಳಿವೆ. ಮೂರನೆಯದು ನಿರ್ಬಂಧಕ್ಕಿಂತ ನಾವೀನ್ಯಕ್ಕೆ ಆದ್ಯತೆ, ಐದನೆಯದು ಉತ್ತರದಾಯಿತ್ವ. ಸದ್ಯಕ್ಕೆ ಎಐಗೆಂದೇ ಹೊಸ ಕಾನೂನು ಬೇಡ, ಇರುವ ಕಾನೂನುಗಳು ಬಹುಮಟ್ಟಿಗೆ ಸಾಕು ಅನ್ನುವುದು ಅದರ ಒಟ್ಟು ಧೋರಣೆ. ಸೂತ್ರ ಇದೆ, ಅದನ್ನು ಹಿಡಿದುಕೊಳ್ಳುವ ಕೈ ಕಾಣುತ್ತಿಲ್ಲ.

ಇರುವ ಕಾನೂನು ಸಾಕಾ ಅಂತ ಸ್ವಲ್ಪ ತೆರೆದು ನೋಡಿ. 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಯಂತ್ರ ಒಂದೇ ತೆಗೆದುಕೊಂಡ ನಿರ್ಧಾರವನ್ನು ಪ್ರಶ್ನಿಸುವ ಹಕ್ಕು ಎಲ್ಲೂ ಇಲ್ಲ. ಯುರೋಪಿನ ಜಿಡಿಪಿಆರ್‌ನ 22ನೇ ವಿಧಿಯಲ್ಲಿ ಅದು 2018ರಿಂದಲೇ ಜಾರಿಯಲ್ಲಿದೆ. ಅಷ್ಟು ಸಾಲದು ಅಂತ, ತನ್ನ ಯಾವ ಸಂಸ್ಥೆಗೆ ಬೇಕಾದರೂ ರಾಷ್ಟ್ರೀಯ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣ ಕೊಟ್ಟು ಕಾಯ್ದೆಯಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಇಟ್ಟುಕೊಂಡಿದೆ. ಅದೇ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಯ ಒಂದು ಮುಖ್ಯ ಕಲಮನ್ನೂ ಬಿಗಿಗೊಳಿಸಿದೆ. ಜವಾಬು ಕೇಳುವ ಬಾಗಿಲನ್ನು ಹೀಗೆ ಒಂದೊಂದಾಗಿ ಮುಚ್ಚಿ, ಉತ್ತರದಾಯಿತ್ವ ಅಂತ ಐದನೇ ಸೂತ್ರ ಬರೆದರೆ ಹೇಗೆ?

ಇದಕ್ಕೆ ಮದ್ದು ಜಿನೀವಾದಲ್ಲೋ ಬ್ರಸೆಲ್ಸ್‌ನಲ್ಲೋ ಹುಡುಕಬೇಕಿಲ್ಲ. ನಮ್ಮ ನಾಡಕಚೇರಿಯಲ್ಲೇ ಇದೆ.

ಸಕಾಲ ನೆನಪಿದೆಯಾ? 2011ರ ಕಾಯ್ದೆ, 2012ರಲ್ಲಿ ಶುರುವಾಯಿತು. ನಾವೆಲ್ಲ ಜಾತಿ-ಆದಾಯ ಪ್ರಮಾಣಪತ್ರ ತೆಗೆಸಿದ್ದು ಅದರಡಿಯಲ್ಲೇ. ಅರ್ಜಿ ಕೊಟ್ಟ ಕೂಡಲೇ ಒಂದು ನಂಬರ್ ಇರುವ ರಸೀದಿ. ಇಷ್ಟು ದಿನದೊಳಗೆ ಕೆಲಸ ಆಗಬೇಕು ಅನ್ನುವ ಗಡುವು. ಆಗದಿದ್ದರೆ ಇಂಥ ಅಧಿಕಾರಿಗೆ ಮೇಲ್ಮನವಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಅದೂ ತಪ್ಪು ಮಾಡಿದ ಅಧಿಕಾರಿಯಿಂದ. ಇಪ್ಪತ್ತು ರೂಪಾಯಿಗೆ ಈಗ ಒಂದು ಒಳ್ಳೆ ಕಾಫಿಯೂ ಬರೋದಿಲ್ಲ ಅಂತ ನಗಬಹುದು. ಆದರೆ ಆ ವ್ಯವಸ್ಥೆಯ ತಿರುಳು ದುಡ್ಡಲ್ಲ. ತಡವಾದದ್ದಕ್ಕೆ ಒಬ್ಬ ಹುದ್ದೆದಾರನ ಹೆಸರು ಅಂಟಿಕೊಳ್ಳುತ್ತೆ.

ಇದನ್ನೇ ಯಂತ್ರಕ್ಕೂ ಹಾಕಿ. ಸರ್ಕಾರದ ಯಾವುದೇ ಸಾಫ್ಟ್‌ವೇರ್ ಒಬ್ಬರ ರೇಷನ್ನು, ಪಿಂಚಣಿ, ವಿದ್ಯಾರ್ಥಿವೇತನವನ್ನು ನಿಲ್ಲಿಸಬೇಕಾದರೆ, ನಿಲ್ಲಿಸುವ ಮುಂಚೆ ಕನ್ನಡದಲ್ಲಿ ಒಂದು ಚೀಟಿ ಹೋಗಲಿ. ಯಾವ ದಾಖಲೆ ನೋಡಿ ಈ ನಿರ್ಧಾರ, ಇದಕ್ಕೆ ಹೊಣೆಯಾದ ಅಧಿಕಾರಿ ಯಾರು, ತಕರಾರಿದ್ದರೆ ಎಷ್ಟು ದಿನದೊಳಗೆ ಒಬ್ಬ ಮನುಷ್ಯ ಬಂದು ನೋಡುತ್ತಾನೆ, ಅಷ್ಟು ಇದ್ದರೆ ಸಾಕು. ಆ ಮನುಷ್ಯ ನೋಡುವ ತನಕ ಅಕ್ಕಿ ನಿಲ್ಲಬಾರದು. ಕಾರಿದೆ ಅನ್ನುವುದಾದರೆ ಕಾರಿನ ನಂಬರ್ ತಂದು ಇಲಾಖೆಯೇ ಸಾಬೀತು ಮಾಡಲಿ. ಇನ್ನು ಸಾಫ್ಟ್‌ವೇರ್ ಕೊಳ್ಳುವುದು ಟೆಂಡರ್ ಮೂಲಕ ತಾನೇ? ಸರ್ಕಾರದಷ್ಟು ದೊಡ್ಡ ಗಿರಾಕಿ ನಮ್ಮ ಊರಿನ ಕಂಪನಿಗಳಿಗೆ ಹೆಚ್ಚಿಲ್ಲ. ಯಾರನ್ನು ತಪ್ಪಾಗಿ ಹೊರಗಿಟ್ಟಿತು ಅನ್ನುವ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕು, ಲೆಕ್ಕ ಪರಿಶೋಧಕರು ಕೇಳಿದಾಗ ಕೋಡ್ ತೋರಿಸಬೇಕು ಅಂತ ಟೆಂಡರ್ ದಾಖಲೆಯಲ್ಲಿ ಎರಡು ಸಾಲು ಬರೆದರೆ, ಇಪ್ಪತ್ತು ಎಥಿಕ್ಸ್ ಸಮ್ಮೇಳನ ಮಾಡಲಾರದ್ದನ್ನು ಆ ಎರಡು ಸಾಲು ಮಾಡುತ್ತವೆ. ಕಂಪನಿಯ ಗುಟ್ಟು ಅನ್ನುವವರು ಟೆಂಡರ್ ಹಾಕದೇ ಇದ್ದರೆ ಆಯಿತು.

"ಹೀಗೆಲ್ಲ ಕಟ್ಟಿಹಾಕಿದರೆ ಇನ್ನೊವೇಶನ್ ಸತ್ತುಹೋಗುತ್ತೆ" ಅನ್ನುವ ಮಾತು ಬರುತ್ತೆ ಅಂತ ಗೊತ್ತು. ನಮ್ಮ ಟೀಮ್ ಲಂಚಿನಲ್ಲೇ ಬರುತ್ತೆ. ಅದಕ್ಕೆ ನನ್ನ ಉತ್ತರ 2017ರ ಜುಲೈನದ್ದು. ಆಗ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ನಿಮ್ಮ ಖಾತೆಯಿಂದ ನಿಮಗೆ ತಿಳಿಯದಂತೆ ಹೊರಗಿನವರು ಆನ್‌ಲೈನಿನಲ್ಲಿ ಹಣ ಎಗರಿಸಿದಾಗ, ತಪ್ಪು ನಿಮ್ಮದಾಗಿರದೆ ನೀವು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ನಷ್ಟ ನಿಮ್ಮದಲ್ಲ. ಬ್ಯಾಂಕ್ ಹತ್ತು ಕೆಲಸದ ದಿನಗಳಲ್ಲಿ ಹಣ ಖಾತೆಗೆ ಹಾಕಬೇಕು. ಗಿರಾಕಿಯದೇ ತಪ್ಪು ಅನ್ನುವುದಾದರೆ ಅದನ್ನು ಸಾಬೀತು ಮಾಡುವ ಭಾರ ಬ್ಯಾಂಕಿನದು. ಬ್ಯಾಂಕಿನ ಕೌಂಟರಿನಲ್ಲಿ ಇದನ್ನು ನಡೆಸಿಕೊಳ್ಳುವುದು ಎಷ್ಟು ಕಷ್ಟ ಅನ್ನುವುದು ಬೇರೆ ಮಾತು, ಅದಕ್ಕೊಂದು ಪೂರ್ತಿ ಲೇಖನ ಬೇಕು. ಆದರೆ ಭಾರ ಬ್ಯಾಂಕಿನ ಮೇಲೆ ಬಿದ್ದಿದ್ದಕ್ಕೆ ಡಿಜಿಟಲ್ ವಹಿವಾಟು ಸತ್ತಿತಾ? 2025ರ ಆಗಸ್ಟ್ ತಿಂಗಳೊಂದರಲ್ಲೇ ಯುಪಿಐನಲ್ಲಿ 2000 ಕೋಟಿ ವಹಿವಾಟು ನಡೆದವು. ದುಡ್ಡು ಹೋದರೆ ಯಾರೋ ಜವಾಬು ಕೊಡುತ್ತಾರೆ ಅನ್ನುವ ಒಂದು ಅಂದಾಜು ಇದ್ದುದರಿಂದಲೂ ನಮ್ಮ ಸೊಪ್ಪಿನಮ್ಮ ಕ್ಯೂಆರ್ ಕೋಡ್ ತಗುಲಿಹಾಕಿದಳು ಅಂತ ನನ್ನ ನಂಬಿಕೆ.

ಖಾಸಗಿ ಕಂಪನಿಗಳ ವಿಷಯಕ್ಕೆ ಬಂದರೆ, ಅಲ್ಲೂ ಕರ್ನಾಟಕವೇ ಒಂದು ಹೆಜ್ಜೆ ಮುಂದಿಟ್ಟಿದೆ. ಗಿಗ್ ಕಾರ್ಮಿಕರ ಕಾನೂನು 2025ರ ಮೇನಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಆಗಸ್ಟ್‌ನಲ್ಲಿ ವಿಧಾನಮಂಡಲದಲ್ಲಿ ಪಾಸಾಯಿತು. ಪ್ರತಿ ವಹಿವಾಟಿನ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಅನ್ನುವ ಭಾಗ ಪೇಪರಿನಲ್ಲಿ ದೊಡ್ಡದಾಗಿ ಬಂತು, ನಾವು ಅಷ್ಟನ್ನೇ ಓದಿ ಬಿಲ್ ಜಾಸ್ತಿಯಾಗುತ್ತೆ ಅಂತ ಗೊಣಗಿದೆವು. ಅದರೊಳಗೆ ಇನ್ನೊಂದು ಭಾಗ ಇದೆ. ಕೆಲಸ ಹಂಚುವ, ನಿಗಾ ಇಡುವ, ನಿರ್ಧಾರ ತೆಗೆದುಕೊಳ್ಳುವ ಸ್ವಯಂಚಾಲಿತ ವ್ಯವಸ್ಥೆ ಯಾವ ಮಾನದಂಡದ ಮೇಲೆ ನಡೆಯುತ್ತೆ ಅಂತ ಕೆಲಸಗಾರನಿಗೆ ತಿಳಿಸಬೇಕು. ಕೆಲಸದಿಂದ ತೆಗೆಯಬೇಕಾದರೆ ಲಿಖಿತ ಕಾರಣ ಮತ್ತು 14 ದಿನದ ಮುಂಚಿನ ನೋಟಿಸ್ ಕೊಡಬೇಕು. 2024ರಲ್ಲಿ ಕರಡು ಹೊರಬಂದಾಗಲೇ ಉದ್ಯಮ ಸಂಘಟನೆಗಳು ತಕರಾರು ತೆಗೆದಿದ್ದವು, ಅಲ್ಗಾರಿದಮ್ ಬಿಚ್ಚಿಡು ಅಂದರೆ ವ್ಯಾಪಾರಕ್ಕೆ ಕಷ್ಟ ಅಂತ. ಅವರ ತರಬೇತಿ ವಿಡಿಯೋಗಳಲ್ಲಿ ಪಾರದರ್ಶಕತೆ ಎರಡನೇ ಅಧ್ಯಾಯ ಅನ್ನುವುದನ್ನು ಮರೆತಿರಬೇಕು.

ನಿಜ ಹೇಳಬೇಕೆಂದರೆ, ಹುಡುಗ ಟೀ ಅಂಗಡಿಯಲ್ಲಿ ಕಷ್ಟ ಹೇಳಿಕೊಂಡ ದಿನ ನನಗೂ ಆ ಭಾಗ ಗೊತ್ತಿರಲಿಲ್ಲ. ಆ ರಾತ್ರಿ ಕೂತು ಓದಿದೆ. ಮಾರನೇ ದಿನ ಇಬ್ಬರೂ ಸೇರಿ ಒಂದು ಪತ್ರ ಬರೆದೆವು, ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು. ಕಾನೂನಿನ ಹೆಸರು ಹಾಕಿ, ಲಿಖಿತ ಕಾರಣ ಕೊಡಿ ಅಂತ ಕೇಳಿದೆವು. ಕುಂದುಕೊರತೆ ಇಮೇಲಿಗೆ ಕಳಿಸಿದ ನಾಲ್ಕೇ ನಿಮಿಷದಲ್ಲಿ ಉತ್ತರ ಬಂತು. ನಿಮ್ಮ ಕಾಳಜಿಗೆ ನಾವು ಬೆಲೆ ಕೊಡುತ್ತೇವೆ, ನಿಮ್ಮ ಖಾತೆಯ ಪರಿಶೀಲನೆ ಮುಗಿದಿದೆ, ನಿರ್ಧಾರದಲ್ಲಿ ಬದಲಾವಣೆ ಇಲ್ಲ. ಕೆಳಗೆ ಯಾರ ಹೆಸರೂ ಇರಲಿಲ್ಲ. ಮತ್ತೆ ಬರೆದೆವು. ಈ ಸಲ ಎರಡು ನಿಮಿಷ.

ನನ್ನ ವೃತ್ತಿಯವರಿಗೆ ನಾನು ಕೇಳುವುದು ಇಷ್ಟೇ. ಮುಂದಿನ ಡೆಮೋದಲ್ಲಿ ಶೇ 97ರ ಸ್ಲೈಡ್ ಬಂದಾಗ ಕೈ ಎತ್ತಿ ಆ ಮೂರು ಜನರ ಬಗ್ಗೆ ಕೇಳಿ. ಅವರಿಗೆ ಫೋನ್ ಎತ್ತುವ ಮನುಷ್ಯನ ಸಂಬಳ ಬಜೆಟ್ಟಿನ ಯಾವ ಸಾಲಿನಲ್ಲಿದೆ ಅಂತ ಕೇಳಿ. ಸಾಲು ಇಲ್ಲದಿದ್ದರೆ ಆ ಪ್ರಾಡಕ್ಟ್ ಇನ್ನೂ ಮುಗಿದಿಲ್ಲ, ಮುಗಿದಿಲ್ಲ ಅಂತ ಟಿಕೆಟ್ ಓಪನ್ ಇಡಿ. ನಿಮ್ಮ ಮ್ಯಾನೇಜರಿಗೆ ಸಿಟ್ಟು ಬರುತ್ತೆ. ಬರಲಿ. 0.87 ಹಾಕಿದ್ದು ಯಾರು ಅಂತ ಒಂದು ದಿನ ಯಾರಾದರೂ ಕೇಳಿದರೆ ಅವರಿಗೂ ನಿಮಗೂ ಆ ಓಪನ್ ಟಿಕೆಟ್ ಬೇಕಾಗುತ್ತೆ. ನನ್ನನ್ನು ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಆ ಸಾಫ್ಟ್‌ವೇರ್ ಈಗಲೂ ನಡೆಯುತ್ತಿದೆ ಅಂತ ಕೇಳಿದ್ದೇನೆ.

ಡಿಸೆಂಬರ್ ಮಧ್ಯದಲ್ಲಿ ಹುಡುಗ ಮತ್ತೆ ಟೀ ಅಂಗಡಿ ಹತ್ತಿರ ಸಿಕ್ಕಿದ. ಕಂಪನಿಯ ಟೀ ಶರ್ಟ್ ಹಾಕಿದ್ದ. ಒಂದೂವರೆ ತಿಂಗಳು ಯಶವಂತಪುರದ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಇಳಿಸಿದನಂತೆ. ಬೈಕಿನ ಕಂತು ಎರಡು ತಪ್ಪಿತ್ತು.

"ಯಾರು ಸರಿಮಾಡಿದ್ರು?" ಅಂದೆ, ಪತ್ರಕ್ಕೆ ಏನಾದರೂ ಫಲ ಸಿಕ್ಕಿತೇನೋ ಅನ್ನುವ ಆಸೆಯಿಂದ.

"ಯಾರೂ ಇಲ್ಲ ಕಣಣ್ಣ. ಕೂದ್ಲು ಬಂತು. ಸುಮ್ನೆ ಒಂದಪ ನೋಡವ ಅಂತ ಸೆಲ್ಫಿ ಹೊಡ್ದೆ, ತಕಂಬುಡ್ತು."

ತಲೆ ಸವರಿಕೊಂಡು ನಕ್ಕ. ಅಷ್ಟರಲ್ಲಿ ಫೋನ್ ಗುಂಯ್ ಅಂತು. ಅರ್ಧ ಟೀ ಹಾಗೇ ಬಿಟ್ಟು ಬೈಕ್ ಹತ್ತಿದ.